ಪಾರ್ಲರ್ ತೆರೆಯುವ ಮುನ್ನ... ಲೈಸೆನ್ಸ್ ನಿಮ್ಮ ಹೆಸರಲ್ಲೇ ಇರಲಿ!

“ಮುಂದಿನ ರೂಮು ಸುಮ್ಮನೆ ಬಿದ್ದಿದೆ, ಒಂದು ಪಾರ್ಲರ್ ಇಟ್ಟುಕೊಂಡ್ರೆ ಹೇಗೆ?”

ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಎಷ್ಟೋ ಗೃಹಿಣಿಯರ ತಲೆಯಲ್ಲಿ ಸುಳಿಯುವ ಯೋಚನೆ ಇದು. ನಿಮಗೂ ಬಂದಿರಬಹುದು. ನೆಂಟರಿಷ್ಟರ ಮದುವೆಗಳಲ್ಲಿ ಮೊಗ್ಗಿನ ಜಡೆ ಹಾಕಿ ಸೈ ಎನಿಸಿಕೊಂಡಿದ್ದೀರಿ, ಅಕ್ಕಪಕ್ಕದ ಹುಡುಗಿಯರಿಗೆ ಕಟಿಂಗ್ ಮಾಡಿ ಕೈ ಪಳಗಿದೆ, ಚೀಟಿ ಎತ್ತಿದ ದುಡ್ಡೂ ಒಂದಿಷ್ಟು ಇದೆ. ಇನ್ನೇನು, ಒಂದು ದೊಡ್ಡ ಕನ್ನಡಿ, ಎರಡು ಕುರ್ಚಿ, ಬಾಗಿಲಿಗೊಂದು ಬೋರ್ಡು, ಅಷ್ಟೇ ತಾನೆ?

ಅಷ್ಟೇ ಅಲ್ಲ! ಪಾರ್ಲರ್ ಎಂದರೆ ಕಾನೂನಿನ ಕಣ್ಣಿಗೆ ಅದೊಂದು ಉದ್ದಿಮೆ. ಕಾಗದಪತ್ರ ಸರಿಯಿಲ್ಲದಿದ್ದರೆ ಚೆನ್ನಾಗಿ ನಡೆಯುತ್ತಿರುವ ಅಂಗಡಿಗೂ ಒಂದು ದಿನ ಬೀಗ ಬೀಳಬಹುದು. ಹಾಗಂತ ಹೆದರಬೇಕಾದ್ದೂ ಇಲ್ಲ. ಒಂದೊಂದಾಗಿ ಮಾಡಿಕೊಂಡು ಹೋದರೆ ಇದ್ಯಾವುದೂ ಬ್ರಹ್ಮವಿದ್ಯೆ ಅಲ್ಲ.

ಸರ್ಟಿಫಿಕೇಟ್ ಬೇಕೇ ಬೇಕಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಅಮೆರಿಕದಂಥ ದೇಶಗಳಲ್ಲಿ ಕತ್ತರಿ ಹಿಡಿಯುವ ವ್ಯಕ್ತಿಗೇ ಲೈಸೆನ್ಸ್ ಬೇಕು. ಅದಕ್ಕೆ ನೂರಾರು ಗಂಟೆಗಳ ತರಬೇತಿ, ಪರೀಕ್ಷೆ ಎಲ್ಲಾ ಇರುತ್ತೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಲೈಸೆನ್ಸ್ ಬೇಕಿರುವುದು ಅಂಗಡಿಗೆ, ಕೈಗಲ್ಲ. ಆದರೂ ತರಬೇತಿ ಪಡೆದೇ ಶುರು ಮಾಡಿ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ನೋಡುವುದೇ ಅದನ್ನು. ಗಿರಾಕಿಗಳಿಗೂ ಗೋಡೆ ಮೇಲೆ ಪ್ರಮಾಣಪತ್ರ ಕಂಡರೆ ಒಂದು ನಂಬಿಕೆ.

ಸಾವಿರಾರು ರೂಪಾಯಿ ಫೀಸು ಕಟ್ಟಿಯೇ ಕಲಿಯಬೇಕು ಅಂತೇನಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಲ್ಲಿ ಬ್ಯೂಟಿ ಪಾರ್ಲರ್ ತರಬೇತಿ ಉಚಿತ. ಊಟ, ವಸತಿಯೂ ಅವರದೇ. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಐಟಿಐಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸ್ ಕೂಡ ಉಂಟು.

ಮೊದಲು ಉದ್ದಿಮೆ ಪರವಾನಗಿ

ಇದೇ ಮುಖ್ಯವಾದ ಲೈಸೆನ್ಸ್. ಊರು ನೋಡಿಕೊಂಡು ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಪಡೆಯಬೇಕು. ಬೆಂಗಳೂರಿನವರಿಗೆ ಒಂದು ಮಾತು: 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳಾಗಿವೆ. ನಿಮ್ಮ ಬಡಾವಣೆ ಯಾವುದಕ್ಕೆ ಸೇರಿದೆ ಅಂತ ನೋಡಿಕೊಂಡು ಅರ್ಜಿ ಹಾಕಿ.

ಸಾಮಾನ್ಯವಾಗಿ ಕೇಳುವ ದಾಖಲೆಗಳು ಇಷ್ಟು:
• ಆಧಾರ್, ಫೋಟೊ
• ಸ್ವಂತ ಜಾಗವಾದರೆ ಆಸ್ತಿ ತೆರಿಗೆ ಕಟ್ಟಿದ ರಸೀದಿ
• ಬಾಡಿಗೆಯಾದರೆ ಕರಾರು ಪತ್ರ ಮತ್ತು ಮಾಲೀಕರ ಒಪ್ಪಿಗೆ ಪತ್ರ

ಬಾಡಿಗೆ ಕರಾರು ಮಾಡುವಾಗ ‘ವಾಸಕ್ಕೆ’ ಎಂದು ಬರೆಸಬೇಡಿ. ‘ಬ್ಯೂಟಿ ಪಾರ್ಲರ್ ನಡೆಸಲು’ ಎಂದೇ ಸ್ಪಷ್ಟವಾಗಿ ಬರೆಸಿ. ಫ್ಲ್ಯಾಟ್ ಆದರೆ ಸಂಘದ ನಿಯಮ ಏನಿದೆ ಕೇಳಿ. ಅಡ್ವಾನ್ಸ್ ಕೊಟ್ಟಾದ ಮೇಲೆ ಕೇಳುವುದಲ್ಲ, ಕೊಡುವ ಮುಂಚೆ! ಪರವಾನಗಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನವೀಕರಣ ಮರೆತರೆ ದಂಡ ಬೀಳುತ್ತೆ. ಫೆಬ್ರವರಿ ತಿಂಗಳ ಕ್ಯಾಲೆಂಡರ್ ಹಾಳೆಯಲ್ಲಿ ಈಗಲೇ ಗುರುತು ಹಾಕಿಬಿಡಿ.

ಇನ್ನೊಂದು ಕಾರ್ಮಿಕ ಇಲಾಖೆಯ ನೋಂದಣಿ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಅಂಗಡಿ ಶುರುವಾದ 30 ದಿನದೊಳಗೆ ಮಾಡಿಸಬೇಕು, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ. ಸಹಾಯಕ್ಕೆ ಹುಡುಗಿಯರನ್ನು ಇಟ್ಟುಕೊಂಡರೆ ವಾರಕ್ಕೊಂದು ರಜೆ ಕಡ್ಡಾಯ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡರೆ ಅದು ಅಪರಾಧ, ‘ಕಲಿಯೋಕೆ ಬಂದಿದ್ದಾಳೆ’ ಅನ್ನುವ ನೆಪ ನಡೆಯೋದಿಲ್ಲ. ಕೆಲಸದವರು 10 ಜನ ಆದರೆ ಇಎಸ್‌ಐ, 20 ಆದರೆ ಪಿಎಫ್ ಕೂಡ ಬರುತ್ತದೆ.

ಬೋರ್ಡು ಬರೆಸುವಾಗ ಮರೆಯಬೇಡಿ, 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವೇ ಇರಬೇಕು, ಅದೂ ಮೇಲ್ಭಾಗದಲ್ಲಿ. ಫ್ಯಾಷನ್ ಅಂತ ಪೂರ್ತಿ ಇಂಗ್ಲಿಷ್‌ನಲ್ಲಿ ಬರೆಸಿ ಆಮೇಲೆ ಕೀಳಿಸುವ ಖರ್ಚು ಯಾಕೆ?

ಯಾರ ಹೆಸರಲ್ಲಿ?

ಈ ವಿಷಯವನ್ನು ಸ್ವಲ್ಪ ಗಮನವಿಟ್ಟು ಓದಿ. “ನಿಂಗೆ ಓಡಾಡೋಕೆ ಎಲ್ಲಾಗುತ್ತೆ, ನನ್ನ ಹೆಸರಲ್ಲೇ ಮಾಡಿಸ್ತೀನಿ ಬಿಡು” ಅಂತ ಯಜಮಾನರು ಪ್ರೀತಿಯಿಂದಲೇ ಹೇಳಬಹುದು. ನಮಗೂ ಆಫೀಸು ಅಲೆಯುವುದು ತಪ್ಪಿತಲ್ಲ ಅನಿಸಬಹುದು. ಆದರೆ ನನಗೆ ಪರಿಚಯದ ಮಹಿಳೆಯೊಬ್ಬರ ಕತೆ ಕೇಳಿ. ಹತ್ತಿರ ಹತ್ತಿರ ಒಂಬತ್ತು ವರ್ಷ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತು ದುಡಿದು ಪಾರ್ಲರ್ ಬೆಳೆಸಿದ್ದು ಆಕೆ. ಪತಿ ಹಠಾತ್ತನೆ ತೀರಿಕೊಂಡಾಗ ಪರವಾನಗಿ, ಬಾಡಿಗೆ ಕರಾರು, ಬ್ಯಾಂಕ್ ಖಾತೆ ಎಲ್ಲವೂ ಪತಿಯ ಹೆಸರಲ್ಲಿತ್ತು. ತಿಂಗಳು ಕಳೆಯುವುದರೊಳಗೆ ಮೈದುನ ಬಂದು “ಅಂಗಡಿ ನಮ್ಮಣ್ಣನದು” ಎಂದು ನಿಂತ. ಆಕೆಯ ಕೈಯಲ್ಲಿ ಅದು ತನ್ನದೆಂದು ಹೇಳುವ ಒಂದು ಚೀಟಿಯೂ ಇರಲಿಲ್ಲ. ಕೊನೆಗೆ ಎರಡು ಬೀದಿ ಆಚೆ ಹೊಸದಾಗಿ, ಸೊನ್ನೆಯಿಂದ ಶುರು ಮಾಡಬೇಕಾಯಿತು.

ಕೆಟ್ಟದ್ದನ್ನು ಯೋಚಿಸಿ ಅಂತ ಹೇಳ್ತಿಲ್ಲ. ದುಡಿಯುವವರು ನೀವಾದರೆ ಕಾಗದದಲ್ಲೂ ನಿಮ್ಮ ಹೆಸರಿರಲಿ. ಮಹಿಳೆಯರಿಗೆ ಮೀಸಲಾದ ಸಾಲ, ಸಬ್ಸಿಡಿ ಸಿಗುವುದೂ ಉದ್ದಿಮೆ ನಿಮ್ಮ ಹೆಸರಲ್ಲಿದ್ದರೆ ಮಾತ್ರ.

ಮೀಟರ್ ಯಾವುದು?

ಮನೆಯಲ್ಲೇ ಪಾರ್ಲರ್ ಮಾಡುವವರು ಎಡವುವುದು ಇಲ್ಲಿ. ಮನೆ ಮೀಟರಿನಿಂದಲೇ ಡ್ರೈಯರ್, ಗೀಸರ್ ಓಡಿಸಿದರೆ ಅದು ಅನಧಿಕೃತ ಬಳಕೆ ಎನಿಸಬಹುದು. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದರದ ಎರಡರಷ್ಟು ವಸೂಲಿ ಮಾಡಬಹುದು. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳ ಲೆಕ್ಕ ಹಿಡಿಯುತ್ತಾರೆ. ಗೃಹಜ್ಯೋತಿ ಇರುವುದು ಮನೆ ಬಳಕೆಗೆ ಮಾತ್ರ. ಆ ಮೀಟರಿನಲ್ಲಿ ಪಾರ್ಲರ್ ನಡೆಸಿ ಸಿಕ್ಕಿಬಿದ್ದರೆ ಉಳಿಸಿದ್ದಕ್ಕಿಂತ ಕಟ್ಟುವುದೇ ಜಾಸ್ತಿ. ಶುರು ಮಾಡುವ ಮುಂಚೆಯೇ ವಿದ್ಯುತ್ ಕಚೇರಿಯಲ್ಲಿ ವಾಣಿಜ್ಯ ಸಂಪರ್ಕಕ್ಕೆ ಅರ್ಜಿ ಕೊಡಿ. ಆಸ್ತಿ ತೆರಿಗೆಯಲ್ಲೂ ಆ ಕೋಣೆ ವಾಣಿಜ್ಯ ಬಳಕೆ ಎಂದು ತೋರಿಸಬೇಕಾಗುತ್ತದೆ.

ವೈರಿಂಗ್ ವಿಷಯಕ್ಕೆ ಬಂದರೆ, 2000 ವ್ಯಾಟ್‌ನ ಡ್ರೈಯರ್ ಸುಮಾರು 9 ಆಂಪ್ಸ್ ಕರೆಂಟ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಹಾಕುವ 6 ಆಂಪ್ಸ್‌ನ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ ಸುಟ್ಟೀತು. ಕುರ್ಚಿಗೊಂದರಂತೆ 16 ಆಂಪ್ಸ್‌ನ ಪಾಯಿಂಟ್ ಹಾಕಿಸಿ. ಒದ್ದೆ ಕೂದಲು, ಒದ್ದೆ ನೆಲ, ಕರೆಂಟು ಮೂರೂ ಒಂದೇ ಕಡೆ ಇರುವ ಜಾಗ ಇದು. ಶಾಕ್ ಪ್ರಾಣಕ್ಕೆ ಎರವಾಗುವ ಮೊದಲೇ ಕರೆಂಟು ಕಡಿತ ಮಾಡುವ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ ಇಲ್ಲದೆ ಅಂಗಡಿ ತೆರೆಯಲೇಬೇಡಿ. ಬಾಗಿಲ ಬಳಿ ಬೆಂಕಿ ನಂದಿಸುವ ಸಿಲಿಂಡರೂ ಇರಲಿ.

ಒಳಗೆ ಏನೇನಿರಬೇಕು?

• ತಲೆ ತೊಳೆಯುವ ಬೇಸಿನ್: ಕುತ್ತಿಗೆ ಅತಿಯಾಗಿ ಹಿಂದಕ್ಕೆ ಬಾಗಿದರೆ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಬಹುದು. 1993ರಲ್ಲಿ ಅಮೆರಿಕದ ನರರೋಗ ತಜ್ಞ ಡಾ. ಮೈಕೆಲ್ ವೀನ್‌ಟ್ರಾಬ್ ಹೀಗೆ ತೊಂದರೆಗೊಳಗಾದ ಐವರ ಬಗ್ಗೆ ಬರೆದು ಇದನ್ನು ‘ಬ್ಯೂಟಿ ಪಾರ್ಲರ್ ಸ್ಟ್ರೋಕ್’ ಎಂದು ಕರೆದರು. ಅಪರೂಪ, ಆದರೂ ಎಚ್ಚರ ಬೇಕು. ಕುತ್ತಿಗೆಗೆ ಮಡಚಿದ ಟವೆಲ್ ಕೊಡಿ. ವಯಸ್ಸಾದವರಿಗೆ, ಬಿಪಿ ಇರುವವರಿಗೆ ಮುಂದಕ್ಕೆ ಬಾಗಿಸಿಯೇ ತೊಳೆಯಿರಿ.
• ಬ್ಲೇಡ್: ಒಬ್ಬರಿಗೆ ಒಂದೇ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರುತ್ತದೆ. ಬಳಸಿದ ಬ್ಲೇಡನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಕಸ ಒಯ್ಯುವವರ ಕೈ ಕೊಯ್ಯದಿರಲಿ.
• ಬಾಚಣಿಗೆ, ಕತ್ತರಿ: ಕೂದಲು ತೆಗೆದು, ಸೋಪಿನ ನೀರಲ್ಲಿ ತೊಳೆದು, ಆಮೇಲೆ ಸೋಂಕು ನಿವಾರಕದಲ್ಲಿ ಅದ್ದಿಡಿ. ತೊಳೆಯದೆ ಅದ್ದಿದರೆ ಪ್ರಯೋಜನವಿಲ್ಲ. ಬ್ಲೀಚಿಂಗ್ ನೀರು ಉಕ್ಕನ್ನು ತಿನ್ನುತ್ತದೆ, ಕತ್ತರಿಗೆ ಶೇ 70ರ ಆಲ್ಕೋಹಾಲ್ ಒಳ್ಳೆಯದು. ಎರಡು ಮೂರು ಸೆಟ್ ಇದ್ದರೆ ಒಬ್ಬರದು ಒಣಗುವಷ್ಟರಲ್ಲಿ ಇನ್ನೊಬ್ಬರದು ಸಿದ್ಧ.
• ಹೇರ್ ಡೈ: ಬಹುತೇಕ ಕಪ್ಪು ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಮುಖವೆಲ್ಲಾ ಊದಿಕೊಳ್ಳುವಷ್ಟು ಅಲರ್ಜಿ. 48 ಗಂಟೆ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ನೋಡಿ. “ಈಗ್ಲೇ ಹಚ್ಚಿ, ಸಂಜೆ ಫಂಕ್ಷನ್ ಇದೆ” ಅಂದವರಿಗೆ ಇಲ್ಲ ಅನ್ನಲು ಕಲಿಯಿರಿ.
• ಸ್ಮೂತನಿಂಗ್: ಕೆಲವು ದ್ರಾವಣಗಳನ್ನು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಇದನ್ನು ಕ್ಯಾನ್ಸರ್‌ಕಾರಕ ಎಂದಿದೆ. ಗಿರಾಕಿ ಒಂದು ದಿನ ಉಸಿರಾಡಿದರೆ ನೀವು ದಿನಾ ಉಸಿರಾಡುತ್ತೀರಿ! ಹೊರಗೆ ಗಾಳಿ ಹೋಗುವ ಕಿಟಕಿ, ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.
• ಸಾಮಗ್ರಿ: ತಯಾರಕರ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇಲ್ಲದ ಡಬ್ಬಿ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬೇಡ.
• ನೀರು ಹೋಗುವ ಕೊಳವೆ: ಕೂದಲು ತಡೆಯುವ ಜಾಲರಿ ಹಾಕಿಸಿ. ಇಲ್ಲದಿದ್ದರೆ ಕೆಳಗಿನ ಮನೆಯವರ ಜೊತೆ ಮೊದಲ ಜಗಳ ಗ್ಯಾರಂಟಿ.
• ಕ್ಯಾಮೆರಾ: ಬಾಗಿಲಿಗೆ, ಕ್ಯಾಷ್ ಕೌಂಟರಿಗೆ ಸರಿ. ವ್ಯಾಕ್ಸಿಂಗ್ ರೂಮು, ಬಟ್ಟೆ ಬದಲಿಸುವ ಕಡೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್‌ನಡಿ ಜೈಲಿಗೆ ಹೋಗುವಂಥ ಅಪರಾಧವಾದೀತು.

ದುಡ್ಡಿನ ಮಾತು

ಒಡವೆ ಅಡವಿಡುವ ಮುಂಚೆ ಈ ಬಾಗಿಲುಗಳನ್ನು ತಟ್ಟಿ ನೋಡಿ.

2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ‘ಶಿಶು’ದಲ್ಲಿ 50 ಸಾವಿರದವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ. ಪಾರ್ಲರ್‌ಗಳೂ ಇದಕ್ಕೆ ಅರ್ಹ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಆದಾಯ ಮಿತಿಗೆ ಒಳಪಟ್ಟು 3 ಲಕ್ಷದವರೆಗೆ ಸಾಲಕ್ಕೆ ಸಬ್ಸಿಡಿ ಉಂಟು. ಪಿಎಂಇಜಿಪಿಯಲ್ಲಿ ಮಹಿಳೆಯರಿಗೆ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35 ಸಬ್ಸಿಡಿ. ಕ್ಷೌರ ಕುಲಕಸುಬಾಗಿರುವ ಮನೆಗಳ ಹೆಣ್ಣುಮಕ್ಕಳು 2023ರ ಪಿಎಂ ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಿ. ಅದರ 18 ಕಸುಬುಗಳಲ್ಲಿ ಕ್ಷೌರವೂ ಒಂದು. ಎಲ್ಲಕ್ಕೂ ಮೊದಲು ‘ಉದ್ಯಮ್’ ನೋಂದಣಿ ಮಾಡಿಸಿ. ಅದು ಪೂರ್ತಿ ಉಚಿತ. ಯಾರಾದರೂ ಫೀಸು ಕೇಳಿದರೆ ಕೊಡಬೇಡಿ.

ಇನ್ನು ಜಿಎಸ್‌ಟಿ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ. ಅಂದರೆ ತಿಂಗಳಿಗೆ ಸುಮಾರು 1.66 ಲಕ್ಷ. ದಾಟಿದರೂ ಗಾಬರಿ ಬೇಡ, ಸಲೂನ್ ಸೇವೆ ಮೇಲೆ ಶೇ 18 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೂ ತೆರಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ? ಅಂಗಡಿಗೆ ಬೇರೆಯದೇ ಖಾತೆ, ಬೇರೆಯದೇ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ತಮ್ಮ ಕಳಿಸಿದ ದುಡ್ಡು, ಚೀಟಿ ದುಡ್ಡು ಎಲ್ಲಾ ಅದರೊಳಗೆ ಕಲಸುಮೇಲೋಗರ ಆಗದಿರಲಿ.

ರೇಟು ಹಾಕುವ ಮುಂಚೆ ಒಂದು ಲೆಕ್ಕ. ಉದಾಹರಣೆಗೆ, ಒಬ್ಬರೇ ನಡೆಸುವ ಅಂಗಡಿಗೆ ಬಾಡಿಗೆ 8,000, ಕರೆಂಟು ನೀರು 3,000, ಸಾಮಗ್ರಿ 6,000, ಸಾಲದ ಕಂತು 4,500, ಇತರೆ 1,500. ಒಟ್ಟು 23,000. ತಿಂಗಳಿಗೆ 26 ದಿನ ತೆರೆದರೆ ದಿನದ ಖರ್ಚು ಸುಮಾರು 885 ರೂಪಾಯಿ. ಒಬ್ಬರಿಂದ ಸರಾಸರಿ 150 ಬಂದರೆ ಮೊದಲ ಆರು ಜನರ ದುಡ್ಡು ಖರ್ಚಿಗೇ ಹೋಗುತ್ತದೆ. ನಿಮ್ಮ ಕೈಗೆ ಬರುವುದು ಏಳನೆಯವರಿಂದ! ನಿಮ್ಮ ಬೀದಿಯಲ್ಲಿ ದಿನಕ್ಕೆ ಹತ್ತು ಜನ ಬರುತ್ತಾರಾ? ಒಂದು ವಾರ ಸುತ್ತಾಡಿ, ಅಕ್ಕಪಕ್ಕದ ಪಾರ್ಲರ್‌ಗಳನ್ನು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ನೆಂಟರಿಗೆ, ಗೆಳತಿಯರಿಗೆ ‘ಫ್ರೀ’ ಎನ್ನುವ ದಾಕ್ಷಿಣ್ಯ ಮೊದಲ ದಿನದಿಂದಲೇ ಬೇಡ. ರೇಟ್ ಪಟ್ಟಿ ಗೋಡೆಗೆ ಅಂಟಿಸಿದರೆ ಬಾಯಿಬಿಟ್ಟು ಹೇಳುವ ಮುಜುಗರವೂ ತಪ್ಪುತ್ತದೆ.

ಮನೆಯವರು ಏನಂತಾರೆ?

“ನಮ್ಮನೆ ಸೊಸೆ ಕಂಡವರ ಕೂದಲು ಕತ್ತರಿಸೋದಾ?” ಎಂಬ ಮಾತು ಇನ್ನೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಜಗಳಕ್ಕೂ ಹೋಗಬೇಡಿ. ಯಾವ ಕಸುಬೂ ಕೀಳಲ್ಲ ಎಂದು ಭಾಷಣ ಮಾಡುವುದಕ್ಕಿಂತ ಲೆಕ್ಕದ ಪುಸ್ತಕ ತೋರಿಸುವುದು ಮೇಲು. ಅತ್ತೆಯವರನ್ನು ಒಂದು ದಿನ ಕರೆದುಕೊಂಡು ಹೋಗಿ ಎಣ್ಣೆ ಮಸಾಜ್ ಮಾಡಿ ಕಳಿಸಿ. ಸಂಜೆ ಹೊತ್ತು ಮಕ್ಕಳನ್ನು ಯಾರು ನೋಡಿಕೊಳ್ಳಬೇಕು, ಹಬ್ಬದ ದಿನ ಅಡುಗೆ ಯಾರದು ಎಂಬುದನ್ನು ಅಂಗಡಿ ಶುರುವಾಗುವ ಮುಂಚೆಯೇ ಕೂತು ಮಾತಾಡಿಕೊಳ್ಳಿ. ಗೌರಿ ಹಬ್ಬ, ಮದುವೆ ಸೀಸನ್‌ಗಳಲ್ಲೇ ಪಾರ್ಲರ್‌ಗೆ ಜನ ಬರುವುದು, ಆಗಲೇ ಮನೆಯಲ್ಲೂ ಕೆಲಸ ಜಾಸ್ತಿ.

ಇಷ್ಟೆಲ್ಲಾ ಓದಿ ‘ಅಯ್ಯೋ, ಇದೆಲ್ಲ ನನ್ನ ಕೈಲಾಗುತ್ತಾ?’ ಅನಿಸಿತೇ? ಖಂಡಿತಾ ಆಗುತ್ತೆ. ಮನೆಯ ರೇಷನ್ ಕಾರ್ಡು, ಮಕ್ಕಳ ಸ್ಕೂಲ್ ಅಡ್ಮಿಷನ್ ಎಂದು ಕಚೇರಿ ಸುತ್ತಿದ ನಿಮಗೆ ಇದೇನು ಹೊಸದಲ್ಲ. ಒಂದು ಫೈಲ್ ತಂದಿಡಿ. ನಾಳೆ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಪುರಸಭೆಗೋ ಪಾಲಿಕೆಗೋ ಹೋಗಿ ಉದ್ದಿಮೆ ಪರವಾನಗಿಯ ಅರ್ಜಿ ಕೇಳಿ. ಅರ್ಜಿದಾರರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ. ಶುಭವಾಗಲಿ!