ಮೆಕ್ಸಿಕೋ ಪಾಲುದಾರರ ಪಾಸ್‌ಪೋರ್ಟ್: ವರ್ತಕರು ಅರಿತಿರಬೇಕಾದ ಸಂಗತಿಗಳು

ವಿದೇಶೀ ವ್ಯಾಪಾರದಲ್ಲಿ ಕರಾರುಪತ್ರ, ಇನ್‌ವಾಯ್ಸ್, ಲೆಟರ್ ಆಫ್ ಕ್ರೆಡಿಟ್ ಮುಂತಾದವುಗಳ ಬಗೆಗೆ ನಾವು ವಹಿಸುವ ಎಚ್ಚರಿಕೆ ಸಾಮಾನ್ಯವಾದುದಲ್ಲ. ಆದರೆ ಮಾಲು ಪರೀಕ್ಷಿಸಲು ಬರಬೇಕಾದ ವ್ಯಕ್ತಿಯ ಪಾಸ್‌ಪೋರ್ಟ್ ಯಾವ ದಿನಾಂಕದವರೆಗೆ ಚಾಲ್ತಿಯಲ್ಲಿದೆಯೆಂದು ಕೇಳುವವರು ವಿರಳ. ಬೆಂಗಳೂರಿನ ಇನ್ಫೋಸಿಸ್ 2007ರಲ್ಲಿ ಮಾಂಟೆರೆ ನಗರದಲ್ಲಿ ಕೇಂದ್ರ ತೆರೆದಂದಿನಿಂದ ಮೆಕ್ಸಿಕೋ ನಮ್ಮವರಿಗೆ ಅಪರಿಚಿತ ದೇಶವಾಗಿ ಉಳಿದಿಲ್ಲ. ಆ ದೇಶದ ಪ್ರಜೆಗಳು ಪಾಸ್‌ಪೋರ್ಟ್ ಪಡೆಯುವ ಹಾಗೂ ನವೀಕರಿಸುವ ಕ್ರಮವನ್ನು ಸ್ಥೂಲವಾಗಿ ಅರಿತಿರುವುದು ನಮ್ಮ ಸದಸ್ಯರಿಗೆ ಲಾಭದಾಯಕ.

ಪಾಸ್‌ಪೋರ್ಟ್ ನೀಡುವವರು ಯಾರು?

ಮೆಕ್ಸಿಕೋದಲ್ಲಿ ಈ ಅಧಿಕಾರ ವಿದೇಶಾಂಗ ಸಚಿವಾಲಯಕ್ಕೆ ಸೇರಿದೆ. ದೇಶದೊಳಗೆ ಸಚಿವಾಲಯದ ಪಾಸ್‌ಪೋರ್ಟ್ ಕಚೇರಿಗಳೂ, ಹೊರದೇಶಗಳಲ್ಲಿ ರಾಯಭಾರ ಹಾಗೂ ಕಾನ್ಸುಲೇಟ್ ಕಚೇರಿಗಳೂ ಅರ್ಜಿ ಸ್ವೀಕರಿಸುತ್ತವೆ. ಕಡುಹಸಿರು ಹೊದಿಕೆಯ ಈ ಪುಸ್ತಿಕೆಯು 2021ರ ಅಕ್ಟೋಬರ್‌ನಿಂದ ಚಿಪ್ ಅಳವಡಿಸಿದ ಎಲೆಕ್ಟ್ರಾನಿಕ್ ರೂಪದಲ್ಲಿ ವಿತರಣೆಯಾಗುತ್ತಿದೆ.

ಅರ್ಜಿದಾರನು ಮೊದಲು ಭೇಟಿಯ ಸಮಯವನ್ನು ಕಾಯ್ದಿರಿಸಿಕೊಳ್ಳಬೇಕು. ಈ ಸೇವೆಗೆ ಶುಲ್ಕವಿಲ್ಲ. ಹೀಗಿದ್ದರೂ ಸಮಯ ಕೊಡಿಸುವುದಾಗಿ ಹಣ ಕೀಳುವ ಮಧ್ಯವರ್ತಿಗಳ ಬಗೆಗೆ ಸಚಿವಾಲಯವು ಪದೇ ಪದೇ ಎಚ್ಚರಿಸಿದೆ. ಪಾಸ್‌ಪೋರ್ಟ್ ಶುಲ್ಕವನ್ನು ಬ್ಯಾಂಕಿನಲ್ಲಿ ಪಾವತಿಸಿ, ನಿಗದಿತ ದಿನ ಖುದ್ದಾಗಿ ಹಾಜರಾಗಬೇಕು. ಛಾಯಾಚಿತ್ರ ಮತ್ತು ಬೆರಳಚ್ಚನ್ನು ಕಚೇರಿಯಲ್ಲಿಯೇ ಪಡೆಯಲಾಗುತ್ತದೆ. ಸಚಿವಾಲಯದ ಸ್ವಂತ ಕಚೇರಿಗಳಲ್ಲಿ ಸಾಮಾನ್ಯವಾಗಿ ಅದೇ ದಿನವೇ ಪಾಸ್‌ಪೋರ್ಟ್ ಕೈಸೇರುತ್ತದೆ. ಪೊಲೀಸ್ ಪರಿಶೀಲನೆಗೆ ಕಾಯುವ ಅಭ್ಯಾಸವಿರುವ ನಮಗೆ ಇದು ಅಚ್ಚರಿಯೆನಿಸೀತು. ಆದುದರಿಂದ ಅಲ್ಲಿ ವಿಳಂಬಕ್ಕೆ ಆಸ್ಪದವಿರುವುದು ವಿತರಣೆಯಲ್ಲಿ ಅಲ್ಲ. ಭೇಟಿಯ ಸಮಯ ದೊರೆಯುವಲ್ಲಿ ಮತ್ತು ದಾಖಲೆಗಳು ಒಂದಕ್ಕೊಂದು ತಾಳೆಯಾಗುವಲ್ಲಿ.

ದಾಖಲೆಗಳು ಮತ್ತು ಹೆಸರು

ಮೊದಲ ಬಾರಿಗೆ ಅರ್ಜಿ ಸಲ್ಲಿಸುವವರಿಗೆ ಜನನ ಪ್ರಮಾಣಪತ್ರ, ಭಾವಚಿತ್ರವುಳ್ಳ ಅಧಿಕೃತ ಗುರುತಿನ ಚೀಟಿ ಹಾಗೂ 'ಕುರ್ಪ್' ಎಂಬ 18 ಅಕ್ಷರಾಂಕಗಳ ಜನಸಂಖ್ಯಾ ನೋಂದಣಿ ಸಂಕೇತ ಅಗತ್ಯ. ಹುಟ್ಟಿದ 3 ವರ್ಷಗಳ ನಂತರ ಜನನ ನೋಂದಣಿಯಾಗಿದ್ದರೆ ಹೆಚ್ಚುವರಿ ಪುರಾವೆ ಒದಗಿಸಬೇಕು. ಅಪ್ರಾಪ್ತ ವಯಸ್ಕರಿಗೆ ತಂದೆತಾಯಿ ಇಬ್ಬರ ಸಮ್ಮತಿಯೂ ಬೇಕು.

ಇಲ್ಲಿ ನಮ್ಮವರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಮೆಕ್ಸಿಕೋದವರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ಕುಲನಾಮಗಳಿರುತ್ತವೆ: ಮೊದಲನೆಯದು ತಂದೆಯ ಕಡೆಯದು, ಎರಡನೆಯದು ತಾಯಿಯ ಕಡೆಯದು. ಕುರ್ಪ್ ಸಂಕೇತದ ಮೊದಲ ನಾಲ್ಕು ಅಕ್ಷರಗಳು ಈ ಹೆಸರುಗಳಿಂದಲೂ, ನಂತರದ ಆರು ಅಂಕಿಗಳು ಜನ್ಮದಿನಾಂಕದಿಂದಲೂ ರೂಪುಗೊಳ್ಳುತ್ತವೆ. ನಮ್ಮ ಪ್ಯಾನ್‌ಗೆ ಸಮಾನವಾದ ಅಲ್ಲಿನ ತೆರಿಗೆ ಸಂಖ್ಯೆಯೂ ವ್ಯಕ್ತಿಗಳ ವಿಷಯದಲ್ಲಿ ಇದೇ ಕ್ರಮದಿಂದ ಆರಂಭವಾಗುತ್ತದೆ. ಕೊನೆಯ ಪದವೇ ಕುಲನಾಮವೆಂದು ಭಾವಿಸಿ ಆಹ್ವಾನಪತ್ರದಲ್ಲಿ ತಾಯಿಯ ಕಡೆಯ ಹೆಸರೊಂದನ್ನೇ ನಮೂದಿಸುವುದು ಸರಿಯಲ್ಲ. ಪಾಸ್‌ಪೋರ್ಟಿನಲ್ಲಿರುವಂತೆಯೇ ಪೂರ್ಣ ಹೆಸರನ್ನು ಬರೆಯತಕ್ಕದ್ದು.

ನವೀಕರಣವೆಂದರೆ ಹೊಸ ಪುಸ್ತಿಕೆ

ಹಳೆಯ ಪುಸ್ತಿಕೆಗೆ ಮುದ್ರೆಯೊತ್ತಿ ಅವಧಿ ವಿಸ್ತರಿಸುವ ಪದ್ಧತಿ ಅಲ್ಲಿಲ್ಲ. ಹಳೆಯದನ್ನು ರದ್ದುಪಡಿಸಿ ಹೊಸ ಸಂಖ್ಯೆಯ ಪುಸ್ತಿಕೆಯನ್ನು ಕೊಡಲಾಗುತ್ತದೆ. ಆದುದರಿಂದ ಹಳೆಯ ಸಂಖ್ಯೆ ನಮೂದಾಗಿರುವ ಅಧಿಕಾರಪತ್ರ, ವೀಸಾ ಅರ್ಜಿ ಮತ್ತು ಟಿಕೆಟ್‌ಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಹಳೆಯ ಪುಸ್ತಿಕೆಯಲ್ಲಿ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದ್ದು, ಆ ಪುಟಕ್ಕೆ ಹಾನಿಯಾಗಿಲ್ಲದಿದ್ದರೆ, ಎರಡೂ ಪುಸ್ತಿಕೆಗಳನ್ನು ಜೊತೆಗೊಯ್ದು ಅದನ್ನು ಬಳಸಬಹುದು. ಅಮೆರಿಕದ ನಿಲ್ದಾಣಗಳಲ್ಲಿ ವಿಮಾನ ಬದಲಾಯಿಸಲು ಸಹ ಮೆಕ್ಸಿಕೋ ಪ್ರಜೆಗಳಿಗೆ ವೀಸಾ ಬೇಕಾಗುವುದರಿಂದ ಇದು ಸಣ್ಣ ವಿಷಯವಲ್ಲ.

ವಯಸ್ಕರು 3, 6 ಅಥವಾ 10 ವರ್ಷಗಳ ಅವಧಿಯನ್ನು ಆರಿಸಿಕೊಳ್ಳಬಹುದು. ಶುಲ್ಕ ಕಾಲಕಾಲಕ್ಕೆ ಪರಿಷ್ಕೃತವಾಗುತ್ತದೆ. 60 ವರ್ಷ ಮೀರಿದವರಿಗೆ ಅರ್ಧದಷ್ಟು ರಿಯಾಯಿತಿಯುಂಟು. ಕಡಿಮೆ ಶುಲ್ಕದ ಅವಧಿಯೇ ಮಿತವ್ಯಯವೆಂದು ತೋರಬಹುದು. ಆದರೆ ಭಾರತದ ವೀಸಾಕ್ಕೆ ಪಾಸ್‌ಪೋರ್ಟಿನಲ್ಲಿ ಕನಿಷ್ಠ 6 ತಿಂಗಳ ಅವಧಿ ಬಾಕಿಯಿರಬೇಕು. ಈ 6 ತಿಂಗಳನ್ನು ಕಳೆದರೆ 3 ವರ್ಷದ ಪಾಸ್‌ಪೋರ್ಟ್ ವ್ಯಾಪಾರಿಗೆ ಎರಡೂವರೆ ವರ್ಷ ಮಾತ್ರ ಉಪಯುಕ್ತ. ಅಂದರೆ ಆರನೆಯ ಒಂದು ಭಾಗ ನಷ್ಟ. 10 ವರ್ಷದ್ದರಲ್ಲಿ ನಷ್ಟವು ಇಪ್ಪತ್ತನೆಯ ಒಂದು ಭಾಗವಷ್ಟೆ.

ಒಂದು ಲೆಕ್ಕ

ಉದಾಹರಣೆಗೆ, ಪೀಣ್ಯದ ಸಣ್ಣ ಕೈಗಾರಿಕೋದ್ಯಮಿಯೊಬ್ಬರು ಮೆಕ್ಸಿಕೋದ ಗಿರಾಕಿಗೆ ಯಂತ್ರವೊಂದನ್ನು ತಯಾರಿಸಿದ್ದಾರೆಂದು ಭಾವಿಸೋಣ. ಗಿರಾಕಿಯ ಎಂಜಿನಿಯರ್ ಬಂದು ತಪಾಸಣಾ ಪತ್ರಕ್ಕೆ ಸಹಿ ಮಾಡಿದ ಹೊರತು ಲೆಟರ್ ಆಫ್ ಕ್ರೆಡಿಟ್ ಅನ್ವಯ ಹಣ ಬರುವಂತಿಲ್ಲ. ಎಂಜಿನಿಯರ್‌ನ ಪಾಸ್‌ಪೋರ್ಟಿಗೆ ಉಳಿದಿರುವುದು 4 ತಿಂಗಳು. ಯಂತ್ರ ಸಿದ್ಧವಿದೆ, ದುಡಿಮೆ ಬಂಡವಾಳದ ಮೇಲಿನ ಬಡ್ಡಿ ಏರುತ್ತಿದೆ, ರವಾನೆಯ ಕೊನೆಯ ದಿನಾಂಕ ಸಮೀಪಿಸುತ್ತಿದೆ. ದಿನಾಂಕ ತಿದ್ದುಪಡಿಗೆ ಗಿರಾಕಿಯ ಒಪ್ಪಿಗೆ ಬೇಕು, ಬ್ಯಾಂಕಿನ ಶುಲ್ಕವೂ ಬೇರೆ. ಸಣ್ಣ ಘಟಕದ ವರ್ಷದ ಲಾಭವನ್ನು ಅಲುಗಾಡಿಸಲು ಇಷ್ಟು ಸಾಕು.

ಇಮ್ಮಡಿ ಪೌರತ್ವ

ಹುಟ್ಟಿನಿಂದ ಮೆಕ್ಸಿಕನ್ನರಾದವರು ಬೇರೆ ದೇಶದ ಪೌರತ್ವ ಪಡೆದರೂ ಮೂಲ ರಾಷ್ಟ್ರೀಯತೆಯನ್ನು ಕಳೆದುಕೊಳ್ಳುವುದಿಲ್ಲ. ಇದು 1998ರಿಂದ ಜಾರಿಯಲ್ಲಿರುವ ವ್ಯವಸ್ಥೆ. ಆದರೆ ಮೆಕ್ಸಿಕೋ ಪ್ರವೇಶಿಸುವಾಗ ಮತ್ತು ಬಿಡುವಾಗ ಅವರು ಮೆಕ್ಸಿಕನ್ನರಾಗಿಯೇ ಹಾಜರಾಗಬೇಕು. ಆದುದರಿಂದ ಗಿರಾಕಿಯ ಬಳಿ ಎರಡು ಪಾಸ್‌ಪೋರ್ಟುಗಳಿದ್ದರೆ ಅನುಮಾನ ಪಡಬೇಕಾಗಿಲ್ಲ; ಭಾರತಕ್ಕೆ ಯಾವುದರಲ್ಲಿ ಬರುವರೆಂದು ಕೇಳಿಕೊಂಡರಾಯಿತು. ನಮ್ಮ 1955ರ ಪೌರತ್ವ ಕಾಯಿದೆ ಇದಕ್ಕೆ ವ್ಯತಿರಿಕ್ತ. ಅಲ್ಲಿ ನೆಲೆಸಿ ಸ್ವಇಚ್ಛೆಯಿಂದ ಮೆಕ್ಸಿಕೋ ಪೌರತ್ವ ಪಡೆಯುವ ಕನ್ನಡಿಗನು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾನೆ.

ಸದಸ್ಯರಿಗೆ ಸಲಹೆ

ಆದೇಶ ಖಚಿತವಾದ ದಿನವೇ, ಬರಲಿರುವವರ ಪಾಸ್‌ಪೋರ್ಟಿನ ವಿವರಪುಟದ ಪ್ರತಿಯನ್ನು ತರಿಸಿಕೊಳ್ಳುವುದು ಉಚಿತ. ಅವಧಿ, ಹೆಸರು ಮತ್ತು ವೀಸಾಕ್ಕೆ ಬೇಕಾದ ಎರಡು ಖಾಲಿ ಪುಟಗಳನ್ನು ವಿಚಾರಿಸಬೇಕು. ದೀರ್ಘಾವಧಿ ವೀಸಾದ ಮೇಲೆ ಇಲ್ಲಿ ನೆಲೆಸಿರುವ ತಂತ್ರಜ್ಞರು ಪಾಸ್‌ಪೋರ್ಟ್ ನವೀಕರಿಸಿದಲ್ಲಿ, ವಿದೇಶೀಯರ ನೋಂದಣಿ ಕಚೇರಿಗೆ ಹೊಸ ವಿವರವನ್ನು ಸಲ್ಲಿಸುವಂತೆ ನೋಡಿಕೊಳ್ಳಬೇಕು. ಪುಸ್ತಿಕೆ ಕಳವಾದರೆ ಮೊದಲು ಪೊಲೀಸ್ ದೂರು, ಬಳಿಕ ಅವರ ರಾಯಭಾರ ಕಚೇರಿ, ತದನಂತರ ದೇಶ ಬಿಡಲು ನೋಂದಣಿ ಕಚೇರಿಯ ಅನುಮತಿ: ಇದು ಕ್ರಮ. ಲೆಟರ್ ಆಫ್ ಕ್ರೆಡಿಟ್ ತೆರೆಯುವ ಮುನ್ನವೇ ಈ ಒಂದು ಪುಟವನ್ನು ನೋಡಿಕೊಂಡರೆ, ಮುಂದೆ ತಿದ್ದುಪಡಿಗಾಗಿ ಬ್ಯಾಂಕಿಗೆ ಅಲೆಯುವ ಪ್ರಮೇಯ ಬಾರದು.