ಎತ್ತರಿಸಿದ ಜೀಪಿಗೆ ಪ್ರೊಪೆಲ್ಲರ್ ಶಾಫ್ಟ್: ಬಿಡಿಭಾಗದ ಆಯ್ಕೆ ಮತ್ತು ವ್ಯಾಪಾರಿಯ ಹೊಣೆ

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಭಾಗದ ಕಾಫಿ ತೋಟಗಳಲ್ಲಿ ಜೀಪು ಐಷಾರಾಮದ ವಸ್ತುವಲ್ಲ. ಆಳು, ಗೊಬ್ಬರ, ಕಾಫಿ ಚೀಲಗಳನ್ನು ಸಾಗಿಸುವ ದುಡಿಮೆಯ ಸಾಧನ. ಮಡಿಕೇರಿ ಸಮೀಪದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವವರಿಗೆ ಅದೇ ಜೀವನೋಪಾಯ. ಕಲ್ಲು, ಕೊರಕಲುಗಳಿಗೆ ತಳ ತಾಗದಿರಲೆಂದು ಇಂತಹ ವಾಹನಗಳ ಸಸ್ಪೆನ್ಷನ್ ಎತ್ತರಿಸುವುದುಂಟು. ಹಾಗೆ ಎತ್ತರಿಸಿದಾಗ ಮೊದಲು ಪೆಟ್ಟು ಬೀಳುವುದು ಪ್ರೊಪೆಲ್ಲರ್ ಶಾಫ್ಟ್ ಮತ್ತು ಅದರ ಜಾಯಿಂಟ್ ಕ್ರಾಸ್‌ಗಳ ಮೇಲೆ. ಇವುಗಳನ್ನು ತಯಾರಿಸುವವರು ಮತ್ತು ಮಾರುವವರು ಗಮನಿಸಬೇಕಾದ ಸಂಗತಿಗಳು ಹಲವಿವೆ.

ಕೋನದ ಲೆಕ್ಕ

ಸಸ್ಪೆನ್ಷನ್ ಎತ್ತರಿಸಿದಾಗ ಚಾಸಿಯೊಡನೆ ಟ್ರಾನ್ಸ್‌ಫರ್ ಕೇಸ್ ಮೇಲೇರುತ್ತದೆ. ಆಕ್ಸಲ್ ಇದ್ದಲ್ಲೇ ಉಳಿಯುತ್ತದೆ. 60 ಸೆಂ.ಮೀ. ಉದ್ದದ ಶಾಫ್ಟಿನ ಒಂದು ತುದಿ 5 ಸೆಂ.ಮೀ. ಮೇಲೇರಿದರೆ ಇಳಿಜಾರು ಸುಮಾರು 5 ಡಿಗ್ರಿ ಹೆಚ್ಚುತ್ತದೆ; 100 ಸೆಂ.ಮೀ. ಶಾಫ್ಟಿನಲ್ಲಿ ಈ ಹೆಚ್ಚಳ ಸುಮಾರು 3 ಡಿಗ್ರಿ ಮಾತ್ರ. ಆದುದರಿಂದ ಗಿಡ್ಡ ಜೀಪುಗಳಿಗೇ ತೊಂದರೆ ಅಧಿಕ. ದೊಡ್ಡ ಟೈರ್ ಹಾಕಿದರೆ ಕೋನ ಬದಲಾಗದು, ಆದರೆ ಜಾಯಿಂಟಿನ ಮೇಲಿನ ಹೊರೆ ಹೆಚ್ಚುತ್ತದೆ.

ಒಂದೇ ಕ್ರಾಸ್ ಇರುವ ಜಾಯಿಂಟ್ ಕೋನದಲ್ಲಿ ತಿರುಗುವಾಗ ಅದರ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಏರಿಳಿಯುತ್ತದೆ. 10 ಡಿಗ್ರಿ ಕೋನದಲ್ಲಿ ಈ ಏರಿಳಿತ ಶೇ. 1.5ರಷ್ಟು, 20 ಡಿಗ್ರಿಯಲ್ಲಿ ಶೇ. 6ರಷ್ಟು. ಶಾಫ್ಟಿನ ಎರಡೂ ತುದಿಗಳ ಕೋನ ಸಮನಾಗಿದ್ದು, ಯೋಕ್‌ಗಳು ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಇಲ್ಲವಾದರೆ ನಡುಕ ಹುಟ್ಟಿ, ಕ್ರಾಸಿನ ಸೂಜಿ ಬೇರಿಂಗ್ ಸವೆಯುತ್ತದೆ. ಕೋನ ಹೆಚ್ಚಾದಲ್ಲಿ ಟ್ರಾನ್ಸ್‌ಫರ್ ಕೇಸ್ ಬದಿಗೆ ಎರಡು ಕ್ರಾಸ್‌ಗಳ ಡಬಲ್ ಕಾರ್ಡನ್ ಜಾಯಿಂಟ್ ಸೂಕ್ತ. ಆಗ ಆಕ್ಸಲಿನ ಪಿನಿಯನ್ ಶಾಫ್ಟಿನ ನೇರಕ್ಕೆ ಮುಖ ಮಾಡಿರಬೇಕು.

ಕೊಳ್ಳುವಾಗ ನೋಡಬೇಕಾದ್ದು

ವಾಹನ ಎತ್ತರಿಸಿದಾಗ ಶಾಫ್ಟ್ ಹಿಗ್ಗಿ, ಸ್ಲಿಪ್ ಯೋಕ್‌ನ ಹಲ್ಲುಗಳ ಹಿಡಿತ ಕಡಿಮೆಯಾಗುತ್ತದೆ. ಆದಕಾರಣ ವಾಹನ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಅಳತೆ ತೆಗೆದು, ಅಗತ್ಯವಿದ್ದರೆ ಉದ್ದದ ಶಾಫ್ಟ್ ಮಾಡಿಸಬೇಕು. ಹೊಸ ಕೊಳವೆ ಬೆಸೆದ ಮೇಲೆ ಯಂತ್ರದಲ್ಲಿ ಬ್ಯಾಲೆನ್ಸ್ ಮಾಡಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಗ್ರೀಸ್ ನಿಪ್ಪಲ್ ಇಲ್ಲದ ಗಟ್ಟಿ ಕ್ರಾಸ್ ಹೆಚ್ಚು ಬಲವುಳ್ಳದ್ದು. ನಿಪ್ಪಲ್ ಉಳ್ಳದ್ದು ಒಳಗೆ ರಂಧ್ರವಿರುವುದರಿಂದ ಬಲದಲ್ಲಿ ತುಸು ಹಿಂದೆ. ಆದರೆ ಹೊಳೆ, ಕೆಸರು ದಾಟುವ ವಾಹನದಲ್ಲಿ ಹೊಸ ಗ್ರೀಸ್ ತುಂಬಿ ನೀರನ್ನು ಹೊರದೂಡಲು ಎರಡನೆಯದೇ ಅನುಕೂಲ. ಕಪ್‌ನ ವ್ಯಾಸ ಮತ್ತು ಸರ್ಕ್ಲಿಪ್ ಒಳಗಿನದೋ ಹೊರಗಿನದೋ ಎಂಬುದನ್ನು ತಾಳೆ ನೋಡದೆ ಕ್ರಾಸ್ ಮಾರಬಾರದು.

ಅಗ್ಗದ ಬೆಲೆ, ದುಬಾರಿ ವೆಚ್ಚ

600 ರೂಪಾಯಿಯ ಕ್ರಾಸ್ ನಾಲ್ಕು ತಿಂಗಳು, 1,500 ರೂಪಾಯಿಯದು ಒಂದು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ, ಪ್ರತಿ ಬಾರಿಯ ಕೂಲಿ 500 ಮತ್ತು ಒಂದು ದಿನದ ಬಾಡಿಗೆ ನಷ್ಟ 2,000 ರೂಪಾಯಿ ಸೇರಿಸಿ, ಮೊದಲನೆಯದರ ವಾರ್ಷಿಕ ವೆಚ್ಚ 9,300 ರೂಪಾಯಿ, ಎರಡನೆಯದು 4,000. ಗಿರಾಕಿಗೆ ಈ ಲೆಕ್ಕ ಬರೆದು ತೋರಿಸುವ ವ್ಯಾಪಾರಿ ಚೌಕಾಸಿಗೆ ಅಂಜಬೇಕಿಲ್ಲ.

ಹಣಕ್ಕಿಂತ ದೊಡ್ಡ ನಷ್ಟವೂ ಇದೆ. ಹಳೆಯ ಕೆಲವು ಜೀಪುಗಳಲ್ಲಿ ಕೈಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದ್ದು, ಶಾಫ್ಟಿನ ಮೂಲಕವೇ ಚಕ್ರವನ್ನು ಹಿಡಿಯುತ್ತದೆ. ಏರಿನಲ್ಲಿ ಕ್ರಾಸ್ ತುಂಡಾದರೆ ಎಂಜಿನ್ನಿನ ಹಿಡಿತ, ಕೈಬ್ರೇಕ್ ಎರಡೂ ಒಟ್ಟಿಗೆ ಹೋಗುತ್ತವೆ.

ಕಾನೂನಿನ ನೋಟ

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 86ನೇ ಕಲಮಿನಂತೆ, ತಯಾರಕ ಯಾರೆಂದು ತಿಳಿಯದ ಸರಕಿನಿಂದ ಹಾನಿಯಾದರೆ ಮಾರಾಟಗಾರನೇ ಹೊಣೆಗಾರನಾಗಬಹುದು. ಸರಕನ್ನು ಗಣನೀಯವಾಗಿ ಮಾರ್ಪಡಿಸಿ ಮಾರಿ, ಆ ಮಾರ್ಪಾಡಿನಿಂದಲೇ ಹಾನಿಯಾದರೂ ಹಾಗೆಯೇ. ಬಿಲ್ಲಿಲ್ಲದೆ ತಂದ, ಹೆಸರಿಲ್ಲದ ಪೊಟ್ಟಣದ ಕ್ರಾಸ್ ಮಾರುವವರು ಇದನ್ನು ಮರೆಯಬಾರದು. ನಕಲಿ ಮುದ್ರೆಯ ಸರಕು ಮಾರಿದರೆ ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ 104ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವುಂಟು.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿ.ಎಸ್.ಟಿ. ದರ ಶೇ. 18ಕ್ಕೆ ಇಳಿದಿದೆ. ಆದರೆ ಸರಬರಾಜುದಾರನ ಬಿಲ್ಲು ಜಿ.ಎಸ್.ಟಿ.ಆರ್.-2ಬಿಯಲ್ಲಿ ಕಾಣದಿದ್ದರೆ ವ್ಯಾಪಾರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಬಿಲ್ಲು ತೆರಿಗೆಗೂ ಆಧಾರ, ಹೊಣೆಯಿಂದ ರಕ್ಷಣೆಗೂ ಆಧಾರ.

ವಾಹನದ ಮಾರ್ಪಾಡಿನ ಬಗ್ಗೆಯೂ ಎಚ್ಚರ ಅಗತ್ಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಆದ್ದರಿಂದ ಕೆಲಸ ಹಿಡಿಯುವ ಮುನ್ನ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸುವಂತೆ ಗಿರಾಕಿಗೆ ತಿಳಿಸುವುದು ಲೇಸು.

ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ವಾಹನದ ಮಾದರಿ, ಅಳತೆ ಮತ್ತು ಅಳವಡಿಸಿದ ದಿನಾಂಕ ಇವಿಷ್ಟನ್ನು ಬಿಲ್ಲಿನಲ್ಲಿ ನಮೂದಿಸಲು ಎರಡು ನಿಮಿಷ ಸಾಕು. ಮುಂದೆ ತಕರಾರು ಬಂದ ದಿನ ಅಂಗಡಿಯ ಪರವಾಗಿ ಮಾತನಾಡುವುದು ಆ ಬರಹವೇ.