ಪಾದ್ರಿಗಳ ಶಾಲೆಯಲ್ಲಿ ಮನಶ್ಶಾಸ್ತ್ರಜ್ಞರು

ಮನಸ್ಸು ಕಂಗೆಟ್ಟಾಗ ಮನುಷ್ಯ ಮೊದಲು ಹುಡುಕಿಕೊಂಡು ಹೋಗುತ್ತಿದ್ದುದು ದೇವರನ್ನು, ಇಲ್ಲವೇ ಗುರುವನ್ನು. ಮನಶ್ಶಾಸ್ತ್ರ ಬೆಳೆದಂತೆ ಈ ದಾರಿಗಳು ಬೇರೆಯಾದವು. 1927ರಲ್ಲಿ ಫ್ರಾಯ್ಡ್ ಧರ್ಮವನ್ನೇ ಭ್ರಮೆ ಎಂದ. ಚರ್ಚುಗಳಲ್ಲಿ ಅನೇಕರು ಮನಶ್ಶಾಸ್ತ್ರವನ್ನು ಸಂಶಯದಿಂದ ಕಂಡರು. ಹೀಗಿರುವಾಗ ಧರ್ಮಸಂಸ್ಥೆಯೇ ವೃತ್ತಿಪರ ಮನಶ್ಶಾಸ್ತ್ರಜ್ಞರನ್ನು ತಯಾರು ಮಾಡಲು ಹೊರಟರೆ?

ಅಮೆರಿಕದಲ್ಲಿ ಆದದ್ದು ಇದೇ. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ರೇಡಿಯೋ ಪ್ರವಚನಕಾರ ಚಾರ್ಲ್ಸ್ ಫುಲ್ಲರ್ 1947ರಲ್ಲಿ ಸ್ಥಾಪಿಸಿದ ಸೆಮಿನರಿ ಮೂಲತಃ ಪಾದ್ರಿಗಳ ಶಾಲೆ. 1965ರಲ್ಲಿ ಅಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಮೊದಲ ಡೀನ್ ಲೀ ಎಡ್ವರ್ಡ್ ಟ್ರಾವಿಸ್, ತೊದಲುವಿಕೆಯ ಬಗೆಗಿನ ಸಂಶೋಧನೆಯಿಂದ ಹೆಸರಾದ ವಿಜ್ಞಾನಿ. ವಿದ್ಯಾರ್ಥಿಗಳು ರೋಗ ಪತ್ತೆ, ಚಿಕಿತ್ಸೆ, ಸಂಶೋಧನೆಗಳ ಜೊತೆಗೆ ದೈವಶಾಸ್ತ್ರವನ್ನೂ ಓದಬೇಕಿತ್ತು. 1970ರಲ್ಲಿ ಅದೇ ರಾಜ್ಯದಲ್ಲಿ ರೋಸ್‌ಮೀಡ್ ಶಾಲೆ ಹುಟ್ಟಿತು. 1977ರಲ್ಲಿ ಅದು ಬಯೋಲಾ ಎಂಬ ಕ್ರೈಸ್ತ ವಿದ್ಯಾಸಂಸ್ಥೆಯ ಭಾಗವಾಯಿತು.

ಆದರೆ ಪದವಿಗೆ ಬೆಲೆ ಬರಬೇಕಾದರೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಮಾನ್ಯತೆ ಬೇಕು. ಸೆಮಿನರಿಯೊಳಗಿನ ಚಿಕಿತ್ಸಾ ಮನಶ್ಶಾಸ್ತ್ರ ಶಿಕ್ಷಣಕ್ಕೆ ಆ ಮಾನ್ಯತೆ ಮೊದಲು ದೊರೆತದ್ದು 1970ರ ದಶಕದಲ್ಲಿ, ಫುಲ್ಲರ್‌ಗೆ.

ಇಲ್ಲಿಯೇ ತೊಡಕು. ಮಾನ್ಯತೆಯ ನಿಯಮಗಳು ಭೇದಭಾವವನ್ನು ಒಪ್ಪುವುದಿಲ್ಲ. ಧರ್ಮಸಂಸ್ಥೆಗಳಾದರೋ ತಮ್ಮ ನಂಬಿಕೆಯವರಿಗೇ ಆದ್ಯತೆ ಕೊಡಬಯಸುತ್ತವೆ. ನಿಯಮಾವಳಿಯ ನಾಲ್ಕನೇ ಅಡಿಟಿಪ್ಪಣಿ ಇದಕ್ಕೆ ದಾರಿ ಮಾಡಿಕೊಟ್ಟಿತು: ಅರ್ಜಿ ಹಾಕುವವರಿಗೆ ಮೊದಲೇ ತಿಳಿಸಿದ್ದರೆ ಸಂಸ್ಥೆಯು ಪ್ರವೇಶ ಮತ್ತು ನೇಮಕದಲ್ಲಿ ಧರ್ಮವನ್ನು ಪರಿಗಣಿಸಬಹುದು. 2001ರಲ್ಲಿ ಈ ಟಿಪ್ಪಣಿಯನ್ನು ಕೈಬಿಡುವ ಪ್ರಸ್ತಾಪ ಬಂದು ದೊಡ್ಡ ಚರ್ಚೆಯಾಯಿತು. ಕೊನೆಗೆ ವಿನಾಯಿತಿ ಉಳಿಯಿತು.

ಚರ್ಚೆ ಬರೀ ಕಾಗದದ್ದಲ್ಲ. ಸಲಿಂಗಕಾಮ ಮನೋರೋಗವಲ್ಲ ಎಂಬ ನಿಲುವನ್ನು ಮನಶ್ಶಾಸ್ತ್ರಜ್ಞರ ಸಂಘ 1975ರಲ್ಲಿಯೇ ತಳೆದಿತ್ತು. ಅದನ್ನು ಪಾಪವೆನ್ನುವ ಸಂಸ್ಥೆಯಲ್ಲಿ ಕಲಿತವರು ಅಂಥ ವ್ಯಕ್ತಿ ಎದುರು ಬಂದು ಕುಳಿತಾಗ ಏನು ಮಾಡುತ್ತಾರೆ? ಇದು ವಿರೋಧಿಗಳ ಪ್ರಶ್ನೆ. ಬೆಂಬಲಿಗರ ಮಾತೂ ಹಗುರವಲ್ಲ: ದೇವರನ್ನು ನಂಬಿದ ರೋಗಿಯ ತಳಮಳ ಅರಿಯಲು ಆ ನಂಬಿಕೆಯ ಒಳಹೊರಗು ಬಲ್ಲವರೂ ಬೇಕಲ್ಲವೇ?

ಭಾರತದ ಕತೆ ಬೇರೆ. ಇಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ತರಬೇತಿ 1955ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸರ್ಕಾರಿ ಸಂಸ್ಥೆಯಲ್ಲಿ. ಕ್ರೈಸ್ಟ್‌ನಂಥ, ಕ್ರೈಸ್ತ ಸನ್ಯಾಸಿ ಸಭೆಗಳು ನಡೆಸುವ ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಬೇರೂರಿದ್ದು ಆಮೇಲೆ.

ಶಾಲೆ ಯಾರದ್ದೇ ಇರಲಿ, ನೊಂದು ಬಂದವರಿಗೆ ಬೇಕಾದದ್ದು ಉಪದೇಶವಲ್ಲ, ಕೇಳುವ ಕಿವಿ. ಅದನ್ನು ಕಲಿಸಿದೆಯೇ ಎಂಬುದೇ ಕೊನೆಗೆ ಪ್ರತಿ ಶಾಲೆಯ ಪರೀಕ್ಷೆ.